ತಪ್ಪು ಉತ್ತರವನ್ನು ಅಳಿಸಬೇಡಿ, ಓದಿ: ವಾಹನದ ಮೇಲಿನ ಬಲದ ಲೆಕ್ಕಗಳಿಗೆ ಒಂದು ದೋಷ ನಿವಾರಣೆ ಕೈಪಿಡಿ

ಲೆಕ್ಕ ಮಾಡಿ ಮುಗಿಸಿದಿರಿ. ಪುಸ್ತಕದ ಕೊನೆಯಲ್ಲಿ ಕೊಟ್ಟ ಉತ್ತರಕ್ಕೆ ತಾಳೆಯಾಗಲಿಲ್ಲ. ಆಗ ಬಹಳ ಮಕ್ಕಳು ಇಡೀ ಪುಟಕ್ಕೆ ಅಡ್ಡಗೀಟು ಎಳೆದು ಮೊದಲಿನಿಂದ ಶುರು ಮಾಡುತ್ತಾರೆ, ಎರಡನೇ ಸಲವೂ ಅದೇ ಜಾಗದಲ್ಲಿ ಅದೇ ತಪ್ಪು ಮಾಡುತ್ತಾರೆ. ದೋಷ ಎಲ್ಲಿದೆ ಅಂತ ಹುಡುಕಲೇ ಇಲ್ಲವಲ್ಲ! ಒಳ್ಳೆ ಮೆಕ್ಯಾನಿಕ್ ಎಂಜಿನ್ ಬಿಚ್ಚುವ ಮುಂಚೆ ಅದರ ಸದ್ದು ಕೇಳುತ್ತಾನೆ. ತಪ್ಪು ಉತ್ತರವನ್ನೂ ಹಾಗೆ ಮೊದಲು ಕೇಳಬೇಕು. ಎಷ್ಟು ಪಟ್ಟು ಜಾಸ್ತಿ ಬಂದಿದೆ? ಸೊನ್ನೆ ಬಂತಾ, ಮೈನಸ್ ಬಂತಾ, ಗಾಡಿಯ ಪೂರ್ತಿ ತೂಕದಷ್ಟು ಬಂತಾ? ಇಷ್ಟು ನೋಡಿದರೆ ದೋಷ ಯಾವ ಸಾಲಿನಲ್ಲಿದೆ ಅಂತ ಬಹುಪಾಲು ಸಲ ಅಲ್ಲೇ ಗೊತ್ತಾಗುತ್ತದೆ.

ಇದು ಮೊದಲ ಪಿಯುಸಿ ಓದುತ್ತಿರುವವರಿಗೆ, ಸಿಇಟಿಗೆ ತಯಾರಾಗುವವರಿಗೆ, ಮನೆಯಲ್ಲಿ ಮಕ್ಕಳ ಜೊತೆ ಕೂತು ಹೇಳಿಕೊಡುವ ಅಪ್ಪ ಅಮ್ಮಂದಿರಿಗೆ. ಲೆಕ್ಕ ಸುಲಭವಾಗಲಿ ಅಂತ ಗುರುತ್ವದ ಜಿ ಬೆಲೆ 10 ಅಂತಲೇ ಇಟ್ಟುಕೊಂಡಿದ್ದೇನೆ.

ಮೊದಲು ಒಂದು ಲೆಕ್ಕ ಸರಿಯಾಗಿ ಮಾಡೋಣ

ಮಂಡ್ಯದ ಕಡೆ ಕಬ್ಬು ಕಡಿಯುವ ಕಾಲದಲ್ಲಿ ರಸ್ತೆ ತುಂಬ ಟ್ರ್ಯಾಕ್ಟರ್‌ಗಳು. ಒಂದರ ಹಿಂದೆ ಎರಡು ಟ್ರೈಲರ್, ಎರಡರಲ್ಲೂ ತುಂಬ ಕಬ್ಬು. ಅದನ್ನೇ ತೆಗೆದುಕೊಳ್ಳೋಣ. ಟ್ರ್ಯಾಕ್ಟರ್ 2000 ಕೆಜಿ, ಕಬ್ಬು ತುಂಬಿದ ಒಂದೊಂದು ಟ್ರೈಲರ್ 6000 ಕೆಜಿ. ನಿಂತಲ್ಲಿಂದ ಹೊರಟು 10 ಸೆಕೆಂಡಿನಲ್ಲಿ ಗಂಟೆಗೆ 18 ಕಿಮೀ ವೇಗಕ್ಕೆ ಬರುತ್ತದೆ. ಉರುಳುವಾಗ ಆಗುವ ತಡೆ ಟ್ರ್ಯಾಕ್ಟರ್ ಮೇಲೆ 400 ನ್ಯೂಟನ್, ಒಂದೊಂದು ಟ್ರೈಲರ್ ಮೇಲೆ 1200 ನ್ಯೂಟನ್. ಟ್ರ್ಯಾಕ್ಟರ್‌ಗೂ ಮೊದಲ ಟ್ರೈಲರ್‌ಗೂ ನಡುವಿನ ಕೊಂಡಿಯಲ್ಲಿ ಎಳೆತ ಎಷ್ಟು? ರಸ್ತೆ ಟ್ರ್ಯಾಕ್ಟರನ್ನು ಮುಂದಕ್ಕೆ ತಳ್ಳುವ ಬಲ ಎಷ್ಟು?

ಗಂಟೆಗೆ 18 ಕಿಮೀ ಅಂದರೆ ಸೆಕೆಂಡಿಗೆ 5 ಮೀಟರ್. 10 ಸೆಕೆಂಡಿನಲ್ಲಿ ಬಂದಿದೆ, ಹಾಗಾಗಿ ವೇಗೋತ್ಕರ್ಷ, ಅಂದರೆ ಒಂದೊಂದು ಸೆಕೆಂಡಿಗೆ ವೇಗ ಹೆಚ್ಚುವ ದರ, 0.5. ಈಗ ಎರಡು ಟ್ರೈಲರ್‌ಗಳನ್ನು ಮಾತ್ರ ಒಂದು ವಸ್ತು ಅಂತ ನೋಡಿ, ಸುತ್ತ ಒಂದು ಗೆರೆ ಎಳೆಯಿರಿ. ಆ ಗೆರೆಯನ್ನು ದಾಟಿ ಒಳಗೆ ಬರುವ ಅಡ್ಡ ಬಲಗಳು ಎರಡೇ: ಮುಂದಕ್ಕೆ ಕೊಂಡಿಯ ಎಳೆತ, ಹಿಂದಕ್ಕೆ 2400 ನ್ಯೂಟನ್ ತಡೆ. ಎಳೆತದಿಂದ 2400 ಕಳೆದರೆ 12000 × 0.5 ಬರಬೇಕು. ಎಳೆತ 8400 ನ್ಯೂಟನ್. ಇನ್ನು ಗೆರೆಯನ್ನು ಇಡೀ ಗಾಡಿಯ ಸುತ್ತ ಎಳೆಯಿರಿ. ಕೊಂಡಿಗಳು ಒಳಗೆ ಹೋದವು, ಅವು ಲೆಕ್ಕಕ್ಕಿಲ್ಲ. ರಸ್ತೆಯ ಬಲದಿಂದ 2800 ಕಳೆದರೆ 14000 × 0.5, ಅಂದರೆ 7000 ಬರಬೇಕು. ರಸ್ತೆಯ ಬಲ 9800 ನ್ಯೂಟನ್.

ಇಷ್ಟೇ ಲೆಕ್ಕ. ಆದರೆ ಇದೇ ಪ್ರಶ್ನೆಗೆ, ಕೊಂಡಿಯ ಎಳೆತ ಅಂತ ಮಕ್ಕಳು ಬರೆಯಬಹುದಾದ ಬೇರೆ ಬೇರೆ ಉತ್ತರಗಳನ್ನು ನೋಡಿ. 6000 ಬಂದರೆ ತಡೆ ಮರೆತಿದ್ದೀರಿ. 3600 ಬಂದರೆ ತಡೆ ನೆನಪಿದೆ, ದಿಕ್ಕು ಉಲ್ಟಾ ಆಗಿದೆ. 4200 ಬಂದರೆ ಹಿಂದಿನ ಟ್ರೈಲರ್ ಒಂದರ ಸುತ್ತ ಮಾತ್ರ ಗೆರೆ ಬಿದ್ದಿದೆ, ಅದು ಎರಡನೇ ಕೊಂಡಿಯ ಉತ್ತರ. 9400 ಬಂದರೆ ತಡೆ ಟ್ರೈಲರ್‌ಗಳದ್ದು, ದ್ರವ್ಯರಾಶಿ ಮಾತ್ರ ಟ್ರ್ಯಾಕ್ಟರನ್ನೂ ಸೇರಿಸಿ ತೆಗೆದುಕೊಂಡಿದ್ದು. ಸಮೀಕರಣದ ಒಂದು ಬದಿಗೆ ಒಂದು ವಸ್ತು, ಇನ್ನೊಂದು ಬದಿಗೆ ಇನ್ನೊಂದು ವಸ್ತು. 9800 ಬಂದರೆ ರಸ್ತೆ ಕೊಟ್ಟ ಬಲವನ್ನು ಹಾಗೇ ಕೊಂಡಿಗೆ ದಾಟಿಸಿಬಿಟ್ಟಿದ್ದೀರಿ. ಟ್ರ್ಯಾಕ್ಟರ್ ತನ್ನ ಮೈಯನ್ನೂ ಮುಂದಕ್ಕೆ ಒಯ್ಯಬೇಕಲ್ಲ, ಅದಕ್ಕೆ 1000, ತನ್ನ ತಡೆಗೆ 400, ಮಿಕ್ಕಿದ್ದು ತಾನೆ ಹಿಂದಿನವರಿಗೆ ಸಿಗುವುದು.

ಐದು ತಪ್ಪು ಉತ್ತರ, ಐದು ಬೇರೆ ಕಾರಣ. ಇವುಗಳಲ್ಲಿ ಒಂದೂ ಗುಣಿಸುವ ಕೂಡುವ ತಪ್ಪಲ್ಲ. ಎಲ್ಲವೂ ಯಾವ ವಸ್ತು, ಅದನ್ನು ಹೊರಗಿನಿಂದ ಯಾರು ಮುಟ್ಟುತ್ತಿದ್ದಾರೆ ಅನ್ನುವಲ್ಲಿ ಆದ ತಪ್ಪು. ಬೀಜಗಣಿತವನ್ನು ಮತ್ತೆ ಮತ್ತೆ ಪರೀಕ್ಷೆ ಮಾಡುತ್ತಾ ಕೂರುವುದಕ್ಕಿಂತ ಚಿತ್ರವನ್ನು ಒಂದು ಸಲ ನೋಡುವುದು ಮೇಲು ಅಂತ ನಾನು ಹೇಳುವುದು ಇದಕ್ಕೇ.

ಲಕ್ಷಣ: ಉತ್ತರ ಸಿಕ್ಕಾಪಟ್ಟೆ ದೊಡ್ಡದು

ಮೊದಲು ನಿಮ್ಮ ಉತ್ತರವನ್ನು ಸರಿ ಉತ್ತರದಿಂದ ಭಾಗಿಸಿ. 3.6 ಬಂದರೆ ಗಂಟೆಗೆ ಇಷ್ಟು ಕಿಮೀ ಅಂತ ಇದ್ದದ್ದನ್ನು ಸೆಕೆಂಡಿಗೆ ಇಷ್ಟು ಮೀಟರ್ ಅಂತ ಮಾಡದೆ ಹಾಗೇ ಹಾಕಿದ್ದೀರಿ. 12.96 ಅಥವಾ ಸುಮಾರು 13 ಬಂದರೂ ಅದೇ ದೋಷ, ಆದರೆ ಅಲ್ಲಿ ವೇಗದ ವರ್ಗ ಇತ್ತು. 10 ಅಥವಾ 9.8 ಬಂದರೆ ದ್ರವ್ಯರಾಶಿ ಬೇಕಾದ ಕಡೆ ತೂಕ ಹಾಕಿದ್ದೀರಿ. ಹತ್ತನೇ ಒಂದು ಭಾಗ ಬಂದರೆ ಅದರ ಉಲ್ಟಾ.

ಮೈಸೂರು ಬೆಂಗಳೂರು ಹೆದ್ದಾರಿಯಲ್ಲಿ ಒಂದು ಕಾರು ಗಂಟೆಗೆ 90 ಕಿಮೀ ವೇಗದಲ್ಲಿದೆ ಅಂತ ಇಟ್ಟುಕೊಳ್ಳಿ. ಬ್ರೇಕ್ ಒತ್ತಿದಾಗ ಟೈರಿಗೂ ರಸ್ತೆಗೂ ನಡುವಿನ ಘರ್ಷಣಾಂಕ 0.7. ಎಷ್ಟು ದೂರದಲ್ಲಿ ನಿಲ್ಲುತ್ತದೆ? ವೇಗ ಸೆಕೆಂಡಿಗೆ 25 ಮೀಟರ್, ವೇಗ ಇಳಿಯುವ ದರ ಘರ್ಷಣಾಂಕ ಗುಣಿಸು ಜಿ, ಅಂದರೆ 7, ದೂರ ವೇಗದ ವರ್ಗ 625 ಭಾಗಿಸು ಆ ದರದ ಎರಡು ಪಟ್ಟು 14, ಅಂದರೆ ಸುಮಾರು 45 ಮೀಟರ್. ಮಳೆ ಬಂದು ಘರ್ಷಣಾಂಕ 0.4ಕ್ಕೆ ಇಳಿದರೆ 78 ಮೀಟರ್. 90 ಅನ್ನು ಹಾಗೇ ವರ್ಗ ಮಾಡಿದವರಿಗೆ ಒಣ ರಸ್ತೆಯಲ್ಲೇ 579 ಮೀಟರ್ ಬರುತ್ತದೆ. ಒಣ ರಸ್ತೆಯಲ್ಲಿ ಬ್ರೇಕ್ ಹಿಡಿದ ಕಾರು ಅರ್ಧ ಕಿಲೋಮೀಟರ್ ದಾಟಿ ಹೋಗಿ ನಿಲ್ಲುತ್ತದಾ? ಈ ಪ್ರಶ್ನೆ ಕೇಳಿಕೊಳ್ಳುವ ಅಭ್ಯಾಸ ಇದ್ದರೆ ಪುಸ್ತಕದ ಉತ್ತರವೇ ಬೇಕಿಲ್ಲ. ದೂರ ಮೈನಸ್ 45 ಬಂದರೆ ಬ್ರೇಕಿನ ವೇಗೋತ್ಕರ್ಷವನ್ನು ಮುಂದಕ್ಕೆ ಹಾಕಿದ್ದೀರಿ, ಅಷ್ಟೇ.

ಒಂದು ಎಚ್ಚರಿಕೆ. ತಡೆ ಇರುವ ಲೆಕ್ಕದಲ್ಲಿ 3.6 ನೇರವಾಗಿ ಕಾಣುವುದಿಲ್ಲ. ಟ್ರ್ಯಾಕ್ಟರ್ ಲೆಕ್ಕದಲ್ಲಿ 18 ಅನ್ನು ಹಾಗೇ ಹಾಕಿದರೆ ರಸ್ತೆಯ ಬಲ 28000 ಬರುತ್ತದೆ. 28000 ಭಾಗಿಸು 9800 ಅಂದರೆ 2.86, ಯಾವ ಸುಳಿವೂ ಇಲ್ಲ ಅನಿಸುತ್ತದೆ. ಎರಡರಿಂದಲೂ ತಡೆಯ 2800 ಕಳೆಯಿರಿ. 25200 ಮತ್ತು 7000. ಈಗ ಭಾಗಿಸಿ, 3.6 ಸಿಕ್ಕಿತು. ವೇಗೋತ್ಕರ್ಷಕ್ಕೆ ಸಂಬಂಧಪಟ್ಟ ಭಾಗವನ್ನು ಬೇರೆ ಮಾಡಿಯೇ ಹೋಲಿಸಬೇಕು.

ಲಕ್ಷಣ: ಗಾಡಿ ಅಲ್ಲಾಡುವುದೇ ಇಲ್ಲ, ಉತ್ತರ ಸೊನ್ನೆ

ಅರಮನೆ ಸುತ್ತ ಓಡುವ ಟಾಂಗಾ ನೋಡಿದ್ದೀರಲ್ಲ. ಕುದುರೆ ಗಾಡಿಯನ್ನು ಎಷ್ಟು ಬಲದಿಂದ ಎಳೆಯುತ್ತದೋ ಗಾಡಿಯೂ ಕುದುರೆಯನ್ನು ಅಷ್ಟೇ ಬಲದಿಂದ ಹಿಂದಕ್ಕೆ ಎಳೆಯುತ್ತದೆ. ಹಾಗಾದರೆ ಎರಡೂ ಸೇರಿ ಸೊನ್ನೆ, ಗಾಡಿ ಹೇಗೆ ಹೋಗುತ್ತದೆ? ಪ್ರಶ್ನೆ ಒಳ್ಳೆಯದೇ. ನ್ಯೂಟನ್ 1687ರಲ್ಲಿ ಮೂರನೇ ನಿಯಮ ಬರೆದಾಗ ಕೊಟ್ಟ ಉದಾಹರಣೆಗಳಲ್ಲಿ ಹಗ್ಗ ಕಟ್ಟಿ ಕಲ್ಲೆಳೆಯುವ ಕುದುರೆಯೂ ಇದೆ.

ದೋಷ ಇರುವುದು ಕೂಡಿಸಿದ್ದರಲ್ಲಿ. ಒಂದು ಬಲ ಗಾಡಿಯ ಮೇಲಿದೆ, ಇನ್ನೊಂದು ಕುದುರೆಯ ಮೇಲಿದೆ. ಒಂದು ಚಿತ್ರದಲ್ಲಿ ಎರಡೂ ಬರುವ ಹಾಗಿಲ್ಲ. ಗಾಡಿ, ಜನ ಸೇರಿ 450 ಕೆಜಿ, ಕುದುರೆ 350 ಕೆಜಿ, ವೇಗೋತ್ಕರ್ಷ 0.5, ಗಾಡಿಯ ಮೇಲಿನ ತಡೆ 100 ನ್ಯೂಟನ್ ಅಂದುಕೊಳ್ಳಿ. ಗಾಡಿಯನ್ನು ಮಾತ್ರ ನೋಡಿದರೆ ಕುದುರೆಯ ಎಳೆತ 325. ಕುದುರೆಯನ್ನು ಮಾತ್ರ ನೋಡಿದರೆ ಹಿಂದಕ್ಕೆ ಅದೇ 325, ಮುಂದಕ್ಕೆ ನೆಲ ಕೊಡುವ ಬಲ 500. ಅದರ ಗೊರಸು ನೆಲವನ್ನು ಹಿಂದಕ್ಕೆ ಒದೆಯುತ್ತದೆ, ನೆಲ ಅದನ್ನು ಮುಂದಕ್ಕೆ ತಳ್ಳುತ್ತದೆ. ಸೊನ್ನೆ ಬಂದಾಗಲೆಲ್ಲ ಪ್ರತಿಯೊಂದು ಬಾಣದ ಪಕ್ಕದಲ್ಲಿ ಎರಡು ಹೆಸರು ಬರೆಯಿರಿ: ಯಾರು ಕೊಟ್ಟಿದ್ದು, ಯಾರ ಮೇಲೆ. "ಯಾರ ಮೇಲೆ" ಅನ್ನುವ ಜಾಗದಲ್ಲಿ ಎಲ್ಲ ಬಾಣಕ್ಕೂ ಒಂದೇ ಹೆಸರು ಇರಬೇಕು. ಬೇರೆ ಹೆಸರಿನ ಬಾಣ ಕಂಡರೆ ತೆಗೆಯಿರಿ.

ಲಕ್ಷಣ: "ಎಂಜಿನ್ ಬಲ" ಅಂತ ಒಂದು ಬಾಣ, ಘರ್ಷಣೆ ಮಾತ್ರ ಹಿಂದಕ್ಕೆ

ಇದು ಬಹಳ ಆಳಕ್ಕೆ ಇಳಿದ ದೋಷ, ಇಲ್ಲಿ ಸ್ವಲ್ಪ ನಿಧಾನ ಮಾಡಬೇಕು. "ಸಾರ್, ಎಂಜಿನ್ ತಾನೆ ಗಾಡಿ ಎಳೆಯೋದು?" ಅಂತ ಮಕ್ಕಳು ಕೇಳುತ್ತಾರೆ. ಎಂಜಿನ್ ಗಾಡಿಯ ಒಳಗೇ ಇದೆ ಅಲ್ವಪ್ಪಾ! ಒಳಗಿರುವುದು ಹೊರಗಿನಿಂದ ಹೇಗೆ ತಳ್ಳುತ್ತದೆ? ಎಂಜಿನ್ ಮಾಡುವ ಕೆಲಸ ಗಾಲಿಯನ್ನು ತಿರುಗಿಸುವುದು. ಗಾಲಿ ರಸ್ತೆಯನ್ನು ಹಿಂದಕ್ಕೆ ಒತ್ತುತ್ತದೆ, ರಸ್ತೆ ಗಾಲಿಯನ್ನು ಮುಂದಕ್ಕೆ ಒತ್ತುತ್ತದೆ. ಆ ಮುಂದಕ್ಕೆ ಒತ್ತುವ ಬಲವೇ ಘರ್ಷಣೆ. ಅದು ಗಾಡಿಗೆ ಶತ್ರು ಅಲ್ಲ, ಅದಿಲ್ಲದೆ ಗಾಡಿಯೇ ಇಲ್ಲ.

ನಂಬಿಕೆ ಬರದಿದ್ದರೆ ನಾಲೆ ನೀರು ಬಿಟ್ಟ ಗದ್ದೆಯಲ್ಲಿ ಸಿಕ್ಕಿಕೊಂಡ ಟ್ರ್ಯಾಕ್ಟರ್ ನೋಡಿ. ಎಂಜಿನ್ ಅದೇ, ಸದ್ದು ಇನ್ನೂ ಜಾಸ್ತಿ, ಹಿಂದಿನ ದೊಡ್ಡ ಗಾಲಿ ಸುತ್ತುತ್ತಲೇ ಇದೆ, ಕೆಸರು ಆಳೆತ್ತರ ಹಾರುತ್ತಿದೆ, ಗಾಡಿ ಮಾತ್ರ ಇದ್ದಲ್ಲೇ ಇದೆ. ಕಡಿಮೆಯಾಗಿದ್ದು ಎಂಜಿನ್ನಿನ ಶಕ್ತಿಯಲ್ಲ, ನೆಲ ಕೊಡುವ ಬಲ.

ನಮ್ಮ ಸಂಖ್ಯೆಗಳಲ್ಲೇ ನೋಡಿ. ಟ್ರ್ಯಾಕ್ಟರಿನ 20000 ನ್ಯೂಟನ್ ತೂಕದಲ್ಲಿ ಹಿಂದಿನ ಗಾಲಿಗಳ ಮೇಲೆ 13000 ಬಿದ್ದಿದೆ, ಟಾರು ರಸ್ತೆಯಲ್ಲಿ ಘರ್ಷಣಾಂಕ 0.8 ಅಂತ ಇಟ್ಟುಕೊಂಡರೆ ರಸ್ತೆ ಕೊಡಬಲ್ಲ ಹೆಚ್ಚೆಂದರೆ ಬಲ 10400. ನಮಗೆ ಬೇಕಿದ್ದದ್ದು 9800. ಅಂತೂ ಸಾಕಾಗುತ್ತದೆ. ಗದ್ದೆಯಲ್ಲಿ ಘರ್ಷಣಾಂಕ 0.4ಕ್ಕೆ ಇಳಿದು, ಉರುಳುವ ತಡೆ ಮೂರು ಪಟ್ಟಾಯಿತು ಅನ್ನಿ. ಸಿಗುವುದು 5200, ತಡೆಯೇ 8400. ಕದಲುವ ಮಾತೇ ಇಲ್ಲ. ಈಗ ಹಿಂದಿನ ಟ್ರೈಲರ್ ಬಿಚ್ಚಿ ಲೆಕ್ಕ ಹಾಕಿ: ತಡೆ 4800ಕ್ಕೆ ಇಳಿಯಿತು, 400 ನ್ಯೂಟನ್ ಮಿಕ್ಕಿತು, 8000 ಕೆಜಿ ಗಾಡಿ 0.05 ವೇಗೋತ್ಕರ್ಷದಲ್ಲಿ ನಿಧಾನವಾಗಿ ಹೊರಡುತ್ತದೆ. ಗದ್ದೆಯಿಂದ ಟ್ರೈಲರ್‌ಗಳನ್ನು ಒಂದೊಂದಾಗಿ ರಸ್ತೆಗೆ ತರುವುದು, ಗಾಲಿ ಕೆಳಗೆ ಕಲ್ಲು, ಕಬ್ಬಿನ ತರಗು ಹಾಕುವುದು ಸುಮ್ನೆ ಅಲ್ಲ. ಒಂದು ತಡೆಯನ್ನು ಇಳಿಸುತ್ತದೆ, ಇನ್ನೊಂದು ಘರ್ಷಣೆಯನ್ನು ಏರಿಸುತ್ತದೆ. ರೈತರು ಮಾಡುವ ಎರಡೂ ಕೆಲಸ ಸಮೀಕರಣದ ಎರಡು ಬದಿಯಲ್ಲೂ ಸರಿಯಾಗಿ ಕೂರುತ್ತವೆ, ಇದನ್ನು ತೋರಿಸಿದಾಗ ಮಕ್ಕಳ ಮುಖ ಅರಳುವುದನ್ನು ನೋಡಬೇಕು.

ಇಲ್ಲೇ ಇನ್ನೊಂದು ದೋಷ ಅಡಗಿದೆ. ಘರ್ಷಣಾಂಕ ಕೊಟ್ಟಿದ್ದಾರೆ ಅಂತ ಕಣ್ಣು ಮುಚ್ಚಿ ಘರ್ಷಣಾಂಕ ಗುಣಿಸು ಲಂಬ ಬಲ ಅಂತ ಹಾಕುವುದು. ಅದು ಸ್ಥಿತ ಘರ್ಷಣೆಯ ಮಿತಿ ಮಾತ್ರ. ಜಾರದೆ ಇರುವಾಗ ಘರ್ಷಣೆ ಬೇಕಾದಷ್ಟೇ ಇರುತ್ತದೆ. ಲಗೇಜ್ ಆಟೋದ ಮೇಲೆ 40 ಕೆಜಿ ಬೆಲ್ಲದ ಪೆಟ್ಟಿಗೆ ಇದೆ, ಘರ್ಷಣಾಂಕ 0.3, ಆಟೋದ ವೇಗೋತ್ಕರ್ಷ 2. ಪೆಟ್ಟಿಗೆಯ ಮೇಲಿನ ಘರ್ಷಣೆ ಎಷ್ಟು? 120 ಅಂತ ಬರೆದರೆ ತಪ್ಪು. 120 ಮಿತಿ. ಪೆಟ್ಟಿಗೆ ಆಟೋ ಜೊತೆಗೇ ಹೋಗಲು ಬೇಕಾದದ್ದು 80, ಇರುವುದೂ 80. ದಿಕ್ಕು ಮುಂದಕ್ಕೆ, ಯಾಕೆಂದರೆ ಪೆಟ್ಟಿಗೆಯನ್ನು ಮುಂದಕ್ಕೆ ಒಯ್ಯುವವರು ಬೇರೆ ಯಾರೂ ಇಲ್ಲ. ಆಟೋದ ವೇಗೋತ್ಕರ್ಷ 3 ದಾಟಿದರೆ ಮಾತ್ರ ಪೆಟ್ಟಿಗೆ ಜಾರುತ್ತದೆ. ಹಾಗಾಗಿ ಕ್ರಮ ಇದು: ಮೊದಲು ಜಾರುವುದಿಲ್ಲ ಅಂತ ಇಟ್ಟುಕೊಂಡು ಬೇಕಾದ ಘರ್ಷಣೆ ಕಂಡುಹಿಡಿಯಿರಿ, ಆಮೇಲೆ ಮಿತಿಯ ಜೊತೆ ಹೋಲಿಸಿ. ಮಿತಿ ದಾಟಿದ್ದರೆ ಮಾತ್ರ ಲೆಕ್ಕ ಬದಲಾಗುತ್ತದೆ, ಆಗ ಚಲನ ಘರ್ಷಣೆಯ ಗುಣಾಂಕ ಹಾಕಬೇಕು.

ಲಕ್ಷಣ: ಏರು ರಸ್ತೆಯಲ್ಲಿ ಉತ್ತರ ಗಾಡಿಯ ತೂಕದಷ್ಟೇ, ಇಲ್ಲವೇ ಮೈನಸ್

ಚಾಮುಂಡಿ ಬೆಟ್ಟ ಹತ್ತುವ 12000 ಕೆಜಿ ಬಸ್ಸು ಅಂದುಕೊಳ್ಳಿ. ರಸ್ತೆಯ ಉದ್ದಕ್ಕೆ 10 ಮೀಟರ್ ಹೋದರೆ 1 ಮೀಟರ್ ಏರು, ಅಂದರೆ ಕೋನದ ಸೈನ್ 0.1. ತಡೆ 1800 ನ್ಯೂಟನ್, ವೇಗೋತ್ಕರ್ಷ 0.4. ತೂಕ 120000 ನ್ಯೂಟನ್, ಅದರಲ್ಲಿ ಹಿಂದಕ್ಕೆ ಎಳೆಯುವ ಭಾಗ ಸೈನ್ 0.1ರಿಂದ ಗುಣಿಸಿದರೆ 12000. ರಸ್ತೆ ಕೊಡಬೇಕಾದ ಬಲ 4800 ಕೂಡಿಸು 1800 ಕೂಡಿಸು 12000, ಒಟ್ಟು 18600.

ನಿಮಗೆ ಸುಮಾರು 126000 ಬಂತಾ? ಸೈನ್ ಜಾಗಕ್ಕೆ ಕಾಸ್ ಹೋಗಿದೆ. ಇದಕ್ಕೆ ಬಾಯಿಪಾಠ ಬೇಡ. ಕೋನ ಸೊನ್ನೆ ಅಂತ ಹಾಕಿ ನೋಡಿ. ಸಮತಟ್ಟು ರಸ್ತೆಯಲ್ಲಿ ತೂಕ ಹಿಂದಕ್ಕೆ ಎಳೆಯಬಾರದು, ಅಂದರೆ ಹಿಂದಕ್ಕೆ ಎಳೆಯುವ ಭಾಗ ಸೊನ್ನೆಯಾಗಬೇಕು. ಸೊನ್ನೆಯಾಗುವುದು ಸೈನ್, ಕಾಸ್ ಅಲ್ಲ. ಮೈನಸ್ 5400 ಬಂದರೆ ತೂಕದ ಭಾಗ ಬಸ್ಸನ್ನು ಬೆಟ್ಟದ ಮೇಲಕ್ಕೆ ತಳ್ಳುತ್ತಿದೆ ಅಂತ ನಿಮ್ಮ ಚಿತ್ರ ಹೇಳುತ್ತಿದೆ. ಬಾಣ ತಿರುಗಿಸಿ. ಇನ್ನೊಂದು ವಿಷಯ, ಏರಿನಲ್ಲಿ ಲಂಬ ಪ್ರತಿಕ್ರಿಯೆ ಪೂರ್ತಿ ತೂಕದಷ್ಟು ಇರುವುದಿಲ್ಲ, ತೂಕ ಗುಣಿಸು ಕಾಸ್. ಇಂಥ ಸಣ್ಣ ಏರಿನಲ್ಲಿ ವ್ಯತ್ಯಾಸ ಶೇಕಡಾ ಅರ್ಧದಷ್ಟೇ, ಆದರೆ 30 ಡಿಗ್ರಿ ಇಳಿಜಾರಿನ ಲೆಕ್ಕದಲ್ಲಿ ಇದೇ ಎಡವಟ್ಟು ಮಾಡುತ್ತದೆ.

ಲಕ್ಷಣ: ಕೋನದ ಟ್ಯಾನ್ ಸರಿಯಾಗಿ ಎರಡು ಪಟ್ಟು

ಸಿಟಿ ಬಸ್ಸಿನ ಕಂಬಿಗೆ ದಾರ ಕಟ್ಟಿ ಒಂದು ಬೀಗದ ಕೈ ತೂಗು ಹಾಕಿ. ಬಸ್ಸು ಹೊರಟಾಗ ಅದು ಹಿಂದಕ್ಕೆ ವಾಲುತ್ತದೆ. ವೇಗೋತ್ಕರ್ಷ 1.5 ಆದರೆ ಕೋನದ ಟ್ಯಾನ್ 0.15, ಕೋನ ಸುಮಾರು 8.5 ಡಿಗ್ರಿ. 16.7 ಡಿಗ್ರಿ ಬಂದವರು ಎರಡು ಕಡೆ ನಿಂತು ಒಟ್ಟಿಗೆ ನೋಡಿದ್ದಾರೆ.

ಬಸ್‌ಸ್ಟಾಪಿನಲ್ಲಿ ನಿಂತವರಿಗೆ ಬೀಗದ ಕೈ ವೇಗ ಹೆಚ್ಚಿಸಿಕೊಳ್ಳುತ್ತಿದೆ, ದಾರದ ಎಳೆತದ ಅಡ್ಡ ಭಾಗ ಅದಕ್ಕೆ ಕಾರಣ. ಹಿಂದಕ್ಕೆ ತಳ್ಳುವವರು ಯಾರೂ ಇಲ್ಲ. ಬಸ್ಸಿನೊಳಗೆ ಕೂತವರಿಗೆ ಅದು ವಾಲಿಕೊಂಡು ಸುಮ್ಮನೆ ನಿಂತಿದೆ, ಅವರ ಲೆಕ್ಕ ಸರಿಹೋಗಬೇಕಾದರೆ ಹಿಂದಕ್ಕೆ ಒಂದು ಸೂಡೋ ಬಲ ಸೇರಿಸಬೇಕು, ಆದರೆ ವೇಗೋತ್ಕರ್ಷ ಸೊನ್ನೆ ಇಡಬೇಕು. ಎರಡೂ ದಾರಿ ಸರಿ. ಸೂಡೋ ಬಲವನ್ನೂ ಹಾಕಿ, ಇನ್ನೊಂದು ಬದಿಯಲ್ಲಿ ವೇಗೋತ್ಕರ್ಷವನ್ನೂ ಬರೆದರೆ ಒಂದೇ ವಿಷಯವನ್ನು ಎರಡು ಸಲ ಎಣಿಸಿದಂತೆ. ಕಲಿಯುವ ಹೊತ್ತಿನಲ್ಲಿ ಬಸ್‌ಸ್ಟಾಪಿನಲ್ಲೇ ನಿಂತು ನೋಡಿ ಅನ್ನುವುದು ನನ್ನ ಅಭಿಪ್ರಾಯ. ಅಲ್ಲಿ ಪ್ರತಿಯೊಂದು ಬಲಕ್ಕೂ ಕೊಟ್ಟವರ ಹೆಸರು ಹೇಳಬಹುದು, ಸೂಡೋ ಬಲಕ್ಕೆ ಹಾಗೆ ಹೇಳಲು ಆಗುವುದಿಲ್ಲ.

ತಿರುವಿನ ಲೆಕ್ಕದಲ್ಲೂ ಇದೇ ರೋಗ. ಗಂಟೆಗೆ 36 ಕಿಮೀ ವೇಗದಲ್ಲಿ 25 ಮೀಟರ್ ತ್ರಿಜ್ಯದ ತಿರುವು ತೆಗೆದುಕೊಂಡರೆ ವೇಗದ ಅಂಕಿ ಬದಲಾಗದಿದ್ದರೂ ವೇಗೋತ್ಕರ್ಷ 4, ತಿರುವಿನ ಒಳಕ್ಕೆ. ಅದನ್ನು ಕೊಡುವುದು ಟೈರಿನ ಮೇಲಿನ ಘರ್ಷಣೆ. ರಸ್ತೆ ಬದಿಯಿಂದ ನೋಡುತ್ತಾ ಹೊರಕ್ಕೆ ಬಾಣ ಎಳೆದಿದ್ದರೆ ಅದನ್ನು ತೆಗೆಯಿರಿ.

ಎಲ್ಲವೂ ಸರಿ ಕಾಣುತ್ತಿದೆ, ಉತ್ತರ ಮಾತ್ರ ಬೇರೆ

ವ್ಯತ್ಯಾಸ ಶೇಕಡಾ 2ರಷ್ಟಿದ್ದರೆ ಬಿಡಿ, ಅದು ಜಿ ಬೆಲೆ 9.8 ಬದಲು 10 ಹಾಕಿದ್ದು. ಅದಕ್ಕಿಂತ ಜಾಸ್ತಿ ಇದ್ದರೆ ನೀವು ಬಳಸದೆ ಬಿಟ್ಟ ವಸ್ತುವನ್ನು ತೆಗೆದುಕೊಂಡು ಪರೀಕ್ಷೆ ಮಾಡಿ. ಟ್ರ್ಯಾಕ್ಟರ್ ಲೆಕ್ಕದಲ್ಲಿ ನಾವು ಟ್ರೈಲರ್‌ಗಳನ್ನೂ ಇಡೀ ಗಾಡಿಯನ್ನೂ ನೋಡಿದೆವು, ಟ್ರ್ಯಾಕ್ಟರನ್ನು ಒಂಟಿಯಾಗಿ ನೋಡಲಿಲ್ಲ. ಈಗ ನೋಡಿ: 9800ರಲ್ಲಿ 400, 8400 ಕಳೆದರೆ 1000. 2000 ಕೆಜಿ ಗುಣಿಸು 0.5 ಅಂದರೂ 1000. ತಾಳೆಯಾಯಿತು. ಈ ಪರೀಕ್ಷೆ ಬಳಸದ ಸಮೀಕರಣದಿಂದ ಬಂದದ್ದು, ಹಾಗಾಗಿ ಅದನ್ನು ನಂಬಬಹುದು. ಬರೆದ ಸಾಲುಗಳನ್ನೇ ಮತ್ತೊಮ್ಮೆ ಓದುವುದರಿಂದ ಈ ಧೈರ್ಯ ಸಿಗುವುದಿಲ್ಲ.

ಇಷ್ಟಾದರೂ ಪುಸ್ತಕಕ್ಕೂ ನಿಮಗೂ ಹೊಂದದಿದ್ದರೆ ಪ್ರಶ್ನೆಯನ್ನು ಇನ್ನೊಮ್ಮೆ ಓದಿ, ಲೆಕ್ಕವನ್ನಲ್ಲ. "ಘರ್ಷಣೆ ಇಲ್ಲವೆಂದು ಭಾವಿಸಿ", "ಹಗ್ಗದ ದ್ರವ್ಯರಾಶಿ ಗಣಿಸಬೇಡಿ", "ಒಂದೇ ವೇಗದಲ್ಲಿ ಚಲಿಸುತ್ತಿದೆ" ಅನ್ನುವ ಯಾವುದಾದರೂ ಸಣ್ಣ ಸಾಲು ಕಣ್ತಪ್ಪಿರುತ್ತದೆ. ಟ್ರೈಲರ್ ಲೆಕ್ಕದಲ್ಲೇ ತಡೆ ಇಲ್ಲ ಅಂತ ಹೇಳಿದ್ದರೆ ಕೊಂಡಿಯ ಎಳೆತ 6000 ಅನ್ನುವುದೇ ಸರಿ ಉತ್ತರ, ಒಂದೇ ವೇಗದಲ್ಲಿ ಹೋಗುತ್ತಿದೆ ಅಂತ ಹೇಳಿದ್ದರೆ 2400.